ಮಾಮಾನ ಚೀಲದಲ್ಲಿ ನಾನಿಟ್ಟದ್ದು

೧೯೮೮ರಲ್ಲಿ ನನ್ನ ಓದು ನಿಂತಿತು. ಏಳನೇ ಇಯತ್ತೆ ಅರ್ಧ ಆಗಿತ್ತು. ಮನೆಯವರು ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಭಾಗಾಕಾರದ ಲೆಕ್ಕ ಬಾರದೆ ಬೋರ್ಡಿನ ಮುಂದೆ ನಿಂತಿದ್ದಾಗ ಮಾಸ್ತರರು ನಕ್ಕರು, ಅವರ ಹಿಂದೆ ವರ್ಗವೆಲ್ಲ ನಕ್ಕಿತು. ಮರುದಿನದಿಂದ ನಾನು ಆ ಕಡೆ ಕಾಲು ಹಾಕಲಿಲ್ಲ. ಬೇರೆಯವರು ನಕ್ಕರೆ ತಡೆದುಕೊಳ್ಳುವ ಶಕ್ತಿ ನನಗೆ ಆಗಲೂ ಇರಲಿಲ್ಲ, ಆಮೇಲೂ ಬರಲಿಲ್ಲ. ಈ ಬರಹಕ್ಕೆ ಬೇಕಾದ ನನ್ನ ಗುಣ ಅದೊಂದೇ.

ಕಲಬುರಗಿ ಕಡೆಯ ನಮ್ಮ ಊರಿನಿಂದ ನನ್ನನ್ನು ಹೈದರಾಬಾದಿಗೆ ಕರೆತಂದವರು ನನ್ನ ಅಕ್ಕನ ಗಂಡ. ನಾನು ಅವರನ್ನು ಮಾಮಾ ಎನ್ನುತ್ತೇನೆ. ಗೌಂಡಿ ಕೆಲಸದಲ್ಲಿ ಅವರ ಕೈ ಹಿಡಿದೇ ಬೆಳೆದೆ. ಇಟ್ಟಿಗೆ ನೆನೆಸುವುದು, ಗಾರೆ ಕಲಸುವುದು, ಗಾರೆ ಬಳಿಯುವ ಥಾಪಿ ಹಿಡಿಯುವುದು, ಕೊನೆಗೆ ಓಳಂಬ. ದಾರದ ತುದಿಗೆ ತೂಕ ಕಟ್ಟಿ ಗೋಡೆ ನೆಟ್ಟಗಿದೆಯೇ ಎಂದು ನೋಡುವ ಸಾಮಾನು ಅದು. ಮಾಮಾನ ಓಳಂಬ ಹಿತ್ತಾಳೆಯದು, ಅವರ ಅಪ್ಪನ ಕಾಲದ್ದು. "ಕಣ್ಣಿಗೆ ನೆಟ್ಟಗ ಕಂಡಿದ್ದೆಲ್ಲ ನೆಟ್ಟಗ ಇರಂಗಿಲ್ಲಲೇ. ಇದನ್ನ ಬಿಟ್ಟು ನೋಡು," ಎನ್ನುತ್ತಿದ್ದರು.

ನಮ್ಮ ತಂಡದಲ್ಲಿ ಒಂದು ಪದ್ಧತಿ. ಹೊಸ ಕಟ್ಟಡದ ಮೊದಲ ಓಳಂಬ ಬಿಡುವುದು ತಂಡದ ಹಿರಿಯ. ಆ ದಿನ ಬೆಳಿಗ್ಗೆ ಹಿರಿಯನ ಹೆಂಡತಿ ಸಾಮಾನಿನ ಚೀಲವನ್ನು ಬರಿದು ಮಾಡಿ, ಝಾಡಿಸಿ, ಥಾಪಿ, ಓಳಂಬ, ದಾರ ಎಲ್ಲ ತೊಳೆದು ಕುಂಕುಮ ಹಚ್ಚಿ ಮತ್ತೆ ತುಂಬಿ ಕೊಡಬೇಕು. ಆ ಚೀಲವನ್ನು ಹಿರಿಯ ತನ್ನ ತೊಡೆಯ ಮೇಲೆಯೇ ಇಟ್ಟುಕೊಂಡು ಬರಬೇಕು. ನಾನು ಗುತ್ತೇದಾರನಾಗಿ, ಮಾಮಾ ನನ್ನ ಕೈಕೆಳಗೆ ದುಡಿಯುವ ಕಾಲ ಬಂದ ಮೇಲೂ ಈ ಪದ್ಧತಿ ಬದಲಾಗಲಿಲ್ಲ.

ಹೈದರಾಬಾದಿನ ಮಾದಾಪುರದಲ್ಲಿ ಬಂಡೆ ಒಡೆದಲ್ಲೆಲ್ಲ ಗಾಜಿನ ಕಟ್ಟಡ ಏಳುತ್ತಿದ್ದ ವರ್ಷಗಳವು. ಕಂಪ್ಯೂಟರ್ ಕಂಪನಿಗಳಿಗೆ ಇಂದು ಹೇಳಿದರೆ ನಿನ್ನೆಗೇ ಕಟ್ಟಡ ಬೇಕಿತ್ತು. ನಲವತ್ತು ಜನರ ತಂಡ ಕಟ್ಟಿಕೊಂಡು ನಾನು ಒಂದರ ಹಿಂದೆ ಒಂದು ಸ್ಲ್ಯಾಬ್ ಹಾಕುತ್ತಿದ್ದೆ. ದುಡಿಮೆಯಲ್ಲಿ ನನಗೆ ಯಾರೂ ಸಾಟಿಯಿಲ್ಲ ಎಂದುಕೊಂಡಿದ್ದೆ. ಈಗಲೂ ಅದು ಸುಳ್ಳಲ್ಲ.

ಒಂದು ದಿನ ಅಳತೆಯ ವಿಷಯಕ್ಕೆ ಇನ್ನೊಬ್ಬ ಗುತ್ತೇದಾರನ ಜೊತೆ ಜಗಳವಾಯಿತು. ನಾನು ತಪ್ಪುತಪ್ಪಾಗಿ ಬರೆದಿದ್ದ ಅಳತೆಯ ಚೀಟಿಯನ್ನು ಅವನು ನನ್ನ ಕೈಯಿಂದ ಕಿತ್ತು, ನನ್ನ ಕೂಲಿಯವರ ಮುಂದೆಯೇ ಗಟ್ಟಿಯಾಗಿ ಓದಿ ನಕ್ಕ. "ಚದುವು ರಾನೋಡಿವಿ, ನೀಕೆಂದುಕು ಕಾಂಟ್ರಾಕ್ಟು?" ಓದು ಬಾರದವನಿಗೆ ಗುತ್ತಿಗೆ ಯಾಕೆ ಅಂತ. ಅವನ ಹಿಂದೆ ಇಬ್ಬರು ನಿಂತಿದ್ದರು. ಅವರ ಅಂಗಿ ಸೊಂಟದ ಬಳಿ ಉಬ್ಬಿತ್ತು. ಯಾರೂ ನಡುವೆ ಬರಲಿಲ್ಲ. ಅಂಗಿಯ ಉಬ್ಬಿಗೆ ಇಷ್ಟು ಮರ್ಯಾದೆಯೇ ಎಂದು ಅಂದು ಅನ್ನಿಸಿತು.

ಮೊದಲು ಕಾನೂನಿನ ದಾರಿಯಲ್ಲೇ ಹೋದೆ. ಪಿಸ್ತೂಲಿನ ಪರವಾನಗಿಯ ಅರ್ಜಿ ಕೊಡುವ ಕಚೇರಿಯಲ್ಲಿ ಸಾಲಿನಲ್ಲಿ ನಿಂತೆ. ಅರ್ಜಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ಯಾರನ್ನಾದರೂ ಕೇಳಿ ತುಂಬಿಸಬಹುದಿತ್ತು. ಕಿಟಕಿಯ ಗುಮಾಸ್ತ ನನ್ನ ಉಗುರಿನ ಸಿಮೆಂಟು ನೋಡಿ, "ಕ್ಯಾ ಮೇಸ್ತ್ರಿ, ದೀವಾರ್ ಕೂ ಗೋಲೀ ಮಾರ್ತೇ ಕ್ಯಾ?" ಎಂದ. ಗೋಡೆಗೆ ಗುಂಡು ಹೊಡೆಯುತ್ತೀಯಾ ಎಂದದ್ದಕ್ಕೆ ಸಾಲಿನವರೆಲ್ಲ ನಕ್ಕರು. ಬಹುಶಃ ಒಳ್ಳೆಯ ಮನುಷ್ಯನೇ ಇರಬೇಕು, ನಗುತ್ತಲೇ "ಬೈಠೋ, ಮೈ ಲಿಖ್ ದೇತೂಂ" ಎಂದು ತಾನೇ ಬರೆದುಕೊಡಲು ಮುಂದಾದ. ನಾನು ಅರ್ಜಿ ಮಡಚಿ ಜೇಬಿಗೆ ಹಾಕಿ ಬಂದುಬಿಟ್ಟೆ.

ಆಮೇಲೆ ಸ್ಲ್ಯಾಬಿನಡಿ ನಿಲ್ಲಿಸುವ ಸೆಂಟ್ರಿಂಗ್ ಪೈಪು ಬಾಡಿಗೆಗೆ ಕೊಡುವವನೊಬ್ಬನ ಕಡೆಯಿಂದ ಒಂದು ನಾಡ ಪಿಸ್ತೂಲು, ಎರಡು ತೋಟಾ ತಂದೆ. ಪರವಾನಗಿ ಇಲ್ಲದೆ ಇಂಥದ್ದು ಇಟ್ಟುಕೊಂಡರೆ ಜೈಲು ಎಂದು ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಚೆನ್ನಾಗಿ ಗೊತ್ತಿತ್ತು. ಅಂಗಿ ಹೊರಗೆ ಬಿಟ್ಟು ಸೊಂಟದಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದೆ. ಒಮ್ಮೆಯೂ ಹೊರಗೆ ತೆಗೆಯಲಿಲ್ಲ. ಬಗ್ಗಿದಾಗ ಹೊಟ್ಟೆಗೆ ಒತ್ತುತ್ತಿತ್ತು, ಅದೇ ನನಗೆ ಹಿತವಾಗಿತ್ತು.

ಮಾಮಾಗೆ ಇದು ಗೊತ್ತಿರಲಿಲ್ಲ. ಗೊತ್ತಾದರೆ ನಾನು ಅವರಿಗೆ ಮುಖ ತೋರಿಸುವ ಹಾಗಿರಲಿಲ್ಲ.

ಹೊಸ ಕಟ್ಟಡದ ಮೊದಲ ಓಳಂಬದ ದಿನ ಅವರನ್ನು ಕರೆದೊಯ್ಯಲು ಬೈಕಿನಲ್ಲಿ ಜೀಡಿಮೆಟ್ಲಾಕ್ಕೆ ಹೋದೆ. ಕಾರ್ಖಾನೆಗಳ ಹಿಂದಿನ ಓಣಿಯಲ್ಲಿ ಅವರ ಬಾಡಿಗೆ ಮನೆ. ಅಕ್ಕ ಚೀಲ ತಂದು ಹೊಸ್ತಿಲ ಬಳಿ ಇಟ್ಟು ಚಹಾ ತರಲು ಒಳಗೆ ಹೋದಳು. ಮಾಮಾ ಚಪ್ಪಲಿ ಹುಡುಕುತ್ತಿದ್ದರು. ಆಗ ನೆನಪಾಯಿತು: ಮಾಮಾ ಬೈಕಿನ ಹಿಂದೆ ಕೂತರೆ ನನ್ನ ಸೊಂಟ ಹಿಡಿದುಕೊಳ್ಳುತ್ತಾರೆ. ಸ್ಪೀಡ್ ಬ್ರೇಕರ್ ಬಂದರೆ ಇನ್ನೂ ಬಿಗಿಯಾಗಿ. ಅವರ ಕೈಗೆ ಅದು ತಾಕುವುದು ಖಂಡಿತ. ತಲೆಗೆ ಸುತ್ತುವ ಟವೆಲಿನಲ್ಲಿ ಪಿಸ್ತೂಲು ಸುತ್ತಿ ಚೀಲದ ತಳಕ್ಕೆ ತುರುಕಿದೆ. ಸೈಟಿಗೆ ಹೋದ ಮೇಲೆ ತೆಗೆದುಕೊಂಡರಾಯಿತು ಎಂದು.

ಮಾದಾಪುರದ ರಸ್ತೆಯಲ್ಲಿ ಅಂದು ಯಾವುದೋ ಕಟ್ಟಡದ ಉದ್ಘಾಟನೆಗೆ ದೊಡ್ಡವರು ಬರುವವರಿದ್ದರು. ಪೊಲೀಸರು ಎಲ್ಲ ಗಾಡಿ ನಿಲ್ಲಿಸುತ್ತಿದ್ದರು.

"ಬ್ಯಾಗ್ ಎವರಿದಿ?" ಚೀಲ ಯಾರದು ಎಂದು ಒಬ್ಬ ಕಾನ್‌ಸ್ಟೆಬಲ್ ಕೇಳಿದ.

ಮಾಮಾ ಕುಂಕುಮದ ಬೆರಳಿನಿಂದ ಚೀಲ ತಟ್ಟಿ ಹೆಮ್ಮೆಯಿಂದಲೇ ಹೇಳಿದರು. "ನಾದೇ ಸಾರ್. ಮುಪ್ಪೈ ಏಳ್ಳ ನುಂಚಿ ನಾದೇ." ಮೂವತ್ತು ವರ್ಷದಿಂದ ನನ್ನದೇ.

ಕಾನ್‌ಸ್ಟೆಬಲ್ ಚೀಲ ಬೋರಲು ಹಾಕಿದ. ಥಾಪಿ, ದಾರ, ಓಳಂಬ, ರೊಟ್ಟಿಯ ಗಂಟು, ಕೊನೆಗೆ ಟವೆಲು. ಟವೆಲು ಬಿಚ್ಚಿಕೊಂಡಿತು.

ಮಾಮಾ ಅದನ್ನು ನೋಡಿದರು. ಆಮೇಲೆ ಟವೆಲು ನೋಡಿದರು. ಅದು ನನ್ನದೆಂದು ಅವರಿಗೆ ತಿಳಿಯದೆ ಇರಲು ಸಾಧ್ಯವಿಲ್ಲ, ಅಂಚಿಗೆ ಹೊಲಿಗೆ ಹಾಕಿಕೊಟ್ಟವಳು ಅಕ್ಕ. ನಂತರ ನನ್ನನ್ನು ನೋಡಿದರು. ಆಗ ನಾನು ಪಕ್ಕದಲ್ಲಿ ನಿಂತಿದ್ದ ಜಲ್ಲಿ ಲಾರಿಯ ನಂಬರು ಓದುತ್ತಿದ್ದೆ. ಆ ನಂಬರು ಈಗಲೂ ನೆನಪಿದೆ. ಸಬ್ ಇನ್‌ಸ್ಪೆಕ್ಟರ್ ಬಂದು ಮತ್ತೆ ಕೇಳಿದಾಗ ಮಾಮಾ, "ಚೀಲ ನಾದೇ ಸಾರ್," ಎಂದರು. ಅಷ್ಟೇ. ನಾನು ಲಾರಿಯ ನಂಬರನ್ನು ಮತ್ತೊಮ್ಮೆ ಓದಿದೆ.

ಠಾಣೆಯ ಕಂಬಿಯ ಹಿಂದಿನಿಂದ ಅವರು ಮೆಲ್ಲಗೆ ಆಡಿದ ಮಾತು ಇದು: "ನೀ ಹೊರಗಿದ್ರ ಎರಡೂ ಮನಿ ನಡೀತಾವ. ನಾ ಹೊರಗಿದ್ರ ಒಂದೂ ನಡೆಯಂಗಿಲ್ಲ. ಹೋಗು, ಸ್ಲ್ಯಾಬ್ ನೋಡು." ನಾನು ಹೋದೆ. ಠಾಣೆಯಿಂದ ಹೊರಗೆ ಬಂದಾಗ ಎದೆ ಹಗುರಾಗಿತ್ತು. ಅದನ್ನು ಬರೆಯಲು ಈಗ ಕೈ ಹಿಂಜರಿಯುತ್ತಿದೆ, ಆದರೆ ಹಗುರಾಗಿದ್ದು ನಿಜ.

ಒಬ್ಬ ವಕೀಲರನ್ನು ಹಿಡಿದೆವು. ತಾರ್ನಾಕದಲ್ಲಿದ್ದ ಅವರು ರಾಯಚೂರು ಕಡೆಯವರು, ಕನ್ನಡ ಮಾತಾಡುತ್ತಿದ್ದರು. ಕಾನೂನನ್ನು ನನಗೂ ಅಕ್ಕನಿಗೂ ಸರಳವಾಗಿ ಬಿಡಿಸಿ ಹೇಳಿದರು. "ಪಿಸ್ತೂಲು ಕೈಯಾಗ ಸಿಕ್ಕರ ಸಾಲಂಗಿಲ್ಲರಿ. ಒಳಗ ಐತಿ ಅಂತ ಅವರಿಗೆ ಗೊತ್ತಿರಬೇಕು. ಗೊತ್ತಿರಲಿಲ್ಲ ಅಂತಾದ್ರ ಅಪರಾಧನ ಅಲ್ಲ. ಇಟ್ಟವ ಬಂದು ಹೇಳಿದ್ರ ನಿಮ್ಮ ಯಜಮಾನ್ರು ಬಿಡುಗಡೆ. ಇಲ್ಲಂದ್ರ ಕಮ್ಮಿ ಅಂದ್ರೂ ಒಂದು ವರ್ಷ." ಕನ್ನಡಕದ ಮೇಲಿಂದ ನನ್ನ ಕಡೆ ನೋಡಿ, "ಯಾರು ಇಟ್ಟಿರಬಹುದು ಅಂತ ನಿಮಗೇನರ ಅಂದಾಜು ಐತೇನ್ರಿ?" ಎಂದರು.

"ಇಲ್ಲರಿ," ಎಂದೆ.

ಮೆಟ್ಟಿಲಿಳಿದ ಮೇಲೆ ಅಕ್ಕ ಬೇವಿನ ಗಿಡದ ಕೆಳಗೆ ನಿಂತಳು. ಅಳಲಿಲ್ಲ, ದನಿಯನ್ನೂ ಏರಿಸಲಿಲ್ಲ.

"ಅವತ್ತು ಮುಂಜಾನೆ ಚೀಲ ಝಾಡಿಸಿದವಳು ನಾನು. ತಳದಾಗ ಒಂದು ಉಸುಕಿನ ಕಾಳು ಸುದ್ದಾ ಇರಲಿಲ್ಲ. ಹೊಸ್ತಿಲಾಗ ಇಟ್ಟು ಒಳಗ ಹೋದೆ. ಅಲ್ಲಿ ಯಾರಿದ್ರು, ತಮ್ಮಾ?"

ಅಕ್ಕ ಚೀಲ ಬರಿದು ಮಾಡುತ್ತಾಳೆಂಬುದು ನನಗೆ ಹದಿನಾರು ವರ್ಷದಿಂದ ಗೊತ್ತಿದ್ದ ಪದ್ಧತಿ. ಬಚ್ಚಿಡುವಾಗ ಅದು ನೆನಪಾಗಲಿಲ್ಲ.

"ಈ ಸ್ಲ್ಯಾಬ್ ಒಂದು ಮುಗೀಲಿ ಅಕ್ಕಾ," ಎಂದೆ. "ನಾನ ಹೋಗಿ ಹೇಳ್ತೀನಿ."

ಕಾಂಕ್ರೀಟು ಸುರಿಯಲು ಶುರು ಮಾಡಿದರೆ ಮುಗಿಯುವ ತನಕ ಬಿಟ್ಟು ಹೋಗುವಂತಿಲ್ಲ, ನಡುವೆ ನಿಲ್ಲಿಸಿದರೆ ಅಲ್ಲೇ ಬಿರುಕು ಬಿಡುತ್ತದೆ. ನಮ್ಮ ಕೆಲಸ ಬಲ್ಲ ಯಾರೂ ಇದನ್ನು ಅಲ್ಲಗಳೆಯಲಾರರು. ಹಾಗಾಗಿ ಆ ನೆಪ ನನಗೆ ಚೆನ್ನಾಗಿ ಒದಗಿತು. ಆ ಸ್ಲ್ಯಾಬಿನ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಮಾಮಾಗೆ ಜಾಮೀನು ಸಿಕ್ಕಿ ಎರಡು ವರ್ಷ ಕೇಸು ನಡೆಯಿತು. ಮಾದಾಪುರದಲ್ಲಿ ಸ್ಲ್ಯಾಬಿಗೇನು ಬರವೇ.

ಕೊನೆಯ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೋರ್ಟಿಗೆ ಹೋಗಿ ಬಾಗಿಲ ಬಳಿ ನಿಂತೆ. ಮಾಮಾ ತಪ್ಪೊಪ್ಪಿಕೊಂಡರು. ಎಲ್ಲಿಂದ ಬಂತು ಎಂದು ಕೇಳಿದ್ದಕ್ಕೆ, "ದಾರ್ಯಾಗ ಬಿದ್ದಿತ್ತು, ತಗೊಂಡೆ," ಎಂದದ್ದನ್ನು ವಕೀಲರು ತೆಲುಗಿಗೆ ತಿರುಗಿಸಿದರು. ನಾನು ಒಂದು ಹೆಜ್ಜೆ ಮುಂದಿಟ್ಟಿದ್ದೆ, ಮಾಮಾ ಬೇಡವೆಂದು ತಲೆ ಅಲ್ಲಾಡಿಸಿದರು, ಅದಕ್ಕೇ ನಿಂತೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅವರು ನನ್ನ ಕಡೆ ನೋಡಲೇ ಇಲ್ಲ. ನಾನು ಹೆಜ್ಜೆ ಇಟ್ಟದ್ದೂ ಇಲ್ಲ.

ಜೈಲಿನಲ್ಲಿ ಒಂದು ವರ್ಷ ಕಳೆದು ಅವರು ಹೊರಗೆ ಬಂದರು. ಅಷ್ಟರಲ್ಲಿ ಗಾಜಿನ ಕಟ್ಟಡಗಳ ಆವರಣಕ್ಕೆ ಕಾಲಿಡಲು ಪ್ರತಿಯೊಬ್ಬ ಕೂಲಿಗೂ ಫೋಟೊ ಪಾಸು ಬೇಕಿತ್ತು, ಪಾಸಿಗೆ ಪೊಲೀಸರ ಕಾಗದ ಬೇಕಿತ್ತು. ಆ ಕಾಗದ ಮಾಮಾಗೆ ಸಿಗಲಿಲ್ಲ. ಅವರು ಓಳಂಬ ಬಿಟ್ಟು ನಿಲ್ಲಿಸಿದ ಗೋಡೆಗಳ ಗೇಟಿನಲ್ಲೇ ಅವರನ್ನು ತಡೆದರು. ಅಂದಿನಿಂದ ಜೀಡಿಮೆಟ್ಲಾದ ಕಾರ್ಖಾನೆಗಳ ಕಾಂಪೌಂಡ್ ಗೋಡೆಗೆ ತೇಪೆ ಹಾಕುವುದೇ ಅವರ ಕೆಲಸವಾಯಿತು. ಚೀಲ, ಥಾಪಿ, ಓಳಂಬ ಕೇಸಿನ ಮಾಲೆಂದು ಜಪ್ತಿಯಾಗಿದ್ದವು. ಬಿಡಿಸಿಕೊಳ್ಳಲು ಅರ್ಜಿ ಹಾಕೋಣ ಎಂದರೆ ಮಾಮಾ, "ಇರಲಿ ಬಿಡು, ಅಲ್ಲೂ ಒಂದು ಗ್ವಾಡಿ ಇದ್ದೇ ಇರ್ತೈತಿ," ಎಂದು ನಕ್ಕರು. ನನ್ನ ಮೇಲೆ ಒಂದು ದಿನವೂ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ನಾನೂ ತಿರುಗಿ ಏನಾದರೂ ಅನ್ನುತ್ತಿದ್ದೆ.

ನಮ್ಮ ಕಡೆ ನಾಗರ ಪಂಚಮಿಗೆ ಅಣ್ಣತಮ್ಮಂದಿರು ಹೋಗಿ ಹೆಣ್ಣುಮಕ್ಕಳನ್ನು ತವರಿಗೆ ಕರೆತರಬೇಕು. ಅಪ್ಪ ಅವ್ವ ತೀರಿದ ಮೇಲೆ ನನ್ನ ಮನೆಯೇ ಅಕ್ಕನಿಗೆ ತವರು. ಪ್ರತಿ ವರ್ಷ ಸೀರೆ ಹಿಡಿದುಕೊಂಡು ಹೋಗುತ್ತಿದ್ದೆ. ಅಕ್ಕ ಚಹಾ ಕೊಡುತ್ತಿದ್ದಳು, ಮಕ್ಕಳ ಸುದ್ದಿ ಕೇಳುತ್ತಿದ್ದಳು. ಏಳುವ ಹೊತ್ತಿಗೆ, "ಸ್ಲ್ಯಾಬ್ ಮುಗೀತೇನು, ತಮ್ಮಾ?" ಎನ್ನುತ್ತಿದ್ದಳು. ನಾನು ಸೀರೆ ವಾಪಸು ತರುತ್ತಿದ್ದೆ.

ಈ ವರ್ಷ ತಾರ್ನಾಕದಲ್ಲಿ ಒಂದು ಅಪಾರ್ಟ್‌ಮೆಂಟಿನ ಕೆಲಸ ಹಿಡಿದೆ. ಮೊದಲ ಓಳಂಬದ ದಿನ ತೆಂಗಿನಕಾಯಿ ಒಡೆದಾಯಿತು. ಅಂಗಡಿಯಿಂದ ತಂದ ಸ್ಟೀಲಿನ ಓಳಂಬ ನನ್ನ ಕೈಗೆ ಕೊಟ್ಟರು, ತಂಡದ ಹಿರಿಯ ಈಗ ನಾನೇ. ದಾರ ಬಿಡಲು ಆಗಲಿಲ್ಲ. ಎಲ್ಲರ ಮುಂದೆ ಹೇಳಿದೆ. ಆ ಪಿಸ್ತೂಲು ನಂದು, ಚೀಲದಲ್ಲಿ ಇಟ್ಟವನು ನಾನು, ಮಾಮಾಗೆ ಗೊತ್ತಿರಲಿಲ್ಲ, ನನ್ನ ಜೈಲಿನ ವರ್ಷ ಅವರು ಕಳೆದರು.

ಯಾರೂ ಬೆರಗಾಗಲಿಲ್ಲ. ಮೊದಲಿನಿಂದಲೂ ನಮ್ಮ ತಂಡದಲ್ಲಿ ಗಾರೆ ಹೊತ್ತ ಒಬ್ಬ ಮುದುಕಿ ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದಳು: "ಗೊತ್ತಿತ್ತಪ್ಪ. ಪಿಸ್ತೂಲು ಟವೆಲ್ಲಿನಾಗ ಸುತ್ತಿತ್ತು ಅಂತ ಸುದ್ದಿ ಬಂದಿತ್ತು. ಆ ಟವೆಲ್ಲಿಲ್ದ ನೀ ಮರುದಿನ ಬರೇ ತಲ್ಯಾಗ ಬಂದಾಗನ ಗೊತ್ತಾತು. ನೀ ಯಾವಾಗ ಹೇಳ್ತಿ ಅಂತ ನೋಡಾಕತ್ತಿದ್ವಿ."

ಒಬ್ಬ ಗೌಂಡಿ, "ಈಗ ದಾರ ಬಿಡ್ರಿ ಮೇಸ್ತ್ರಿ, ಬಿಸಲು ಏರಾಕತ್ತೈತಿ," ಎಂದ.

ಇಷ್ಟು ವರ್ಷ ಅವರ ಮುಂದೆ ಎದೆಯುಬ್ಬಿಸಿ ನಡೆದಿದ್ದೆ. ಬೋರ್ಡಿನ ಮುಂದೆ ನಿಂತಿದ್ದ ದಿನ ವರ್ಗದವರು ನಕ್ಕಾದರೂ ನಕ್ಕಿದ್ದರು. ಇವರು ನಗಲೂ ಇಲ್ಲ.

ವಕೀಲರ ಹತ್ತಿರವೂ ಹೋದೆ. ಅವರಿಗೆ ಈಗ ವಯಸ್ಸಾಗಿದೆ. ಪೂರ್ತಿ ಕೇಳಿ, "ಶಿಕ್ಷಾ ಮುಗಿದು ಹೋಗೈತಲ್ಲರಿ. ಮೇಲಿನ ಕೋರ್ಟಿಗೆ ಹೋಗಬಹುದು, ಆಗತೈತೋ ಇಲ್ಲೋ ಹೇಳಂಗಿಲ್ಲ," ಎಂದರು. ಏನೇ ಆಗಲಿ, ನನ್ನ ಹೇಳಿಕೆ ಬರೆದುಕೊಳ್ಳಿ ಎಂದೆ. ಬರೆದುಕೊಂಡರು. ಕೆಳಗೆ ಕನ್ನಡದಲ್ಲಿ ಸಹಿ ಹಾಕಿದೆ.

ಪಂಚಮಿಗೆ ಸೀರೆ ಹಿಡಿದು ಜೀಡಿಮೆಟ್ಲಾಕ್ಕೆ ಹೋದೆ. ಮಾಮಾ ಕೆಲಸಕ್ಕೆ ಹೋಗಿದ್ದರು. ಅಕ್ಕ ಚಹಾ ಕೊಟ್ಟಳು.

"ಸ್ಲ್ಯಾಬ್ ಮುಗೀತೇನು, ತಮ್ಮಾ?"

"ಮುಗೀತಕ್ಕಾ. ಎಲ್ಲಾರ ಮುಂದ ಹೇಳೀನಿ. ವಕೀಲರ ಕಡೆ ಬರೆಸಿ ಸಹಿನೂ ಹಾಕೀನಿ."

ಅವಳು ನನ್ನ ಲೋಟ ತೆಗೆದುಕೊಂಡು ಒಳಗೆ ಹೋದಳು. ತೊಳೆಯುವ ಸದ್ದು ಬಹಳ ಹೊತ್ತು ಕೇಳಿತು. ಹೊರಗೆ ಬಂದು ಸೀರೆ ಕೈಗೆತ್ತಿಕೊಂಡು ಅಂಚು ನೋಡಿ, ಪೆಟ್ಟಿಗೆಯ ಮೇಲೆ ಇಟ್ಟಳು.

"ಸೀರಿ ಇರಲಿ," ಎಂದಳು. "ಬರೂದು ಮುಂದ ನೋಡೋಣ. ಅವರು ಬರಲಿ, ಕೇಳ್ತೀನಿ."

ಈಗ ನನ್ನ ಬಳಿ ಇರುವುದು ಮೂರು ಕೋಣೆಯ ಒಂದು ಮನೆ, ಎರಡು ಮಿಕ್ಸರ್, ಒಂದು ವೈಬ್ರೇಟರ್, ಮೂವತ್ತೆರಡು ಜನ, ಒಂದು ಸ್ಟೀಲಿನ ಓಳಂಬ, ಜೀಡಿಮೆಟ್ಲಾದಲ್ಲಿ ಒಬ್ಬ ಅಕ್ಕ, ಒಬ್ಬರು ಮಾಮಾ. ಪರವಾನಗಿಯ ಖಾಲಿ ಅರ್ಜಿಯೂ ಇದೆ, ಅದೇ ಮಡಿಕೆಯಲ್ಲಿ.