ನೂರಿಯ ಹಾಸಿಗೆ

ಮೊಮ್ಮಗ ಮುರ್ಡೇಶ್ವರದ ಸಮುದ್ರದಂಡೆಗೆ ಹೋಗಿ ಬಂದವನು ಚಡ್ಡಿಯನ್ನು ಅಂಗಳದ ಹಗ್ಗದ ಮೇಲೆ ಎಸೆದು ಮೀಯಲು ಹೋದ. ನಾನು ಒಳಗೆ ಮೆಟ್ಟುಗತ್ತಿಯ ಮುಂದೆ ಕೂತು ಬಂಗಡೆ ಕೊಯ್ಯುತ್ತಿದ್ದೆ. ಮೀನಿನ ವಾಸನೆಯನ್ನು ದಾಟಿಕೊಂಡು ಇನ್ನೊಂದು ವಾಸನೆ ಬಂತು. ಬೆವರು, ಉಪ್ಪು, ಹಳೆಯ ಹುಲ್ಲು, ಹಿಂದೆಯೇ ಸ್ವಲ್ಪ ಹುಳಿ. ಕೈ ಅಲ್ಲೇ ನಿಂತಿತು. “ಕುದುರೆ ಹತ್ತಿದ್ಯನಾ?” ಎಂದು ಬಚ್ಚಲ ಬಾಗಿಲಿಗೆ ಕೂಗಿದೆ. “ನಿಂಗ್ಯಾರು ಹೇಳಿದ್ರು ಅಜ್ಜಿ?” ಎಂದ. ಯಾರೂ ಹೇಳಬೇಕಾಗಿರಲಿಲ್ಲ. ಹುಟ್ಟಿದ ಮನೆ ನೆಲಸಮವಾದವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಮನೆ ಹೋದರೂ ಅದರ ವಾಸನೆ ಎಲ್ಲೋ ಕಾದು ಕೂತಿರುತ್ತದೆ. ನಾವು ಮರೆತೆವು ಎಂದುಕೊಂಡ ದಿನವೇ ನೋಡಿ ಬರುತ್ತದೆ.

ನಮ್ಮ ಮನೆ ಹಳದೀಪುರದಲ್ಲಿ ರಸ್ತೆಗೆ ತಾಗಿಕೊಂಡೇ ಇತ್ತು. ಅಪ್ಪ ಟಾಂಗಾ ಹೊಡೆಯುತ್ತಿದ್ದ. ಶರಾವತಿಗೆ ಆಗ ಸೇತುವೆ ಇರಲಿಲ್ಲ. ಆಚೆ ದಡದಿಂದ ದೋಣಿಯಲ್ಲಿ ಬಂದು ಹೊನ್ನಾವರದಲ್ಲಿ ಇಳಿದವರನ್ನು ಹಳದೀಪುರಕ್ಕೋ ಕುಮಟೆಗೋ ಮುಟ್ಟಿಸುವುದು ಅವನ ಕೆಲಸ. ನಮ್ಮ ಕಡೆ ಎತ್ತು, ಎಮ್ಮೆ, ಕೋಣ ಬಲ್ಲವರು ಮನೆಗೊಬ್ಬರು. ಕುದುರೆ ಬಲ್ಲವರು ಯಾರೂ ಇಲ್ಲ. ಅಪ್ಪ ಮಾತ್ರ ಹರೆಯದಲ್ಲಿ ಭಟ್ಕಳದ ಒಬ್ಬ ಸಾಹುಕಾರರ ಮನೆಯಲ್ಲಿ ಗಾಡಿಯ ಕೆಲಸಕ್ಕಿದ್ದ. ಅವರು ಮೋಟಾರು ತಂದಾಗ ಕುದುರೆ ಇವನ ಕೈಗೆ ಬಂತು. ಕಂದು ಮೈ, ಒಂದು ಹಿಂಗಾಲು ಮಾತ್ರ ಸುಣ್ಣದಲ್ಲಿ ಅದ್ದಿ ತೆಗೆದಂತೆ ಬಿಳಿ. ನೂರಿ ಎಂದು ಅವರು ಇಟ್ಟ ಹೆಸರು. ಬೆಳಕು ಎಂಬ ಅರ್ಥವಂತೆ. ಅಪ್ಪನ ತಾಯಿ, ನನ್ನ ಅಜ್ಜಿ, ಮೊದಲ ದಿನವೇ ಅದನ್ನು ನಾರಿ ಎಂದು ಕೇಳಿಸಿಕೊಂಡಳು. ಸಾಯುವವರೆಗೂ ತಿದ್ದಿಕೊಳ್ಳಲಿಲ್ಲ.

ಜಗಳ ಹುಟ್ಟಿದ್ದು ಒಂದು ಮಾತಿನಿಂದ. ನಮ್ಮಲ್ಲಿ ದನದ ಕೊಟ್ಟಿಗೆಗೆ ಸೊಪ್ಪು ಹಾಕುವುದು ದನಕ್ಕಾಗಿ ಅಲ್ಲ, ಗೊಬ್ಬರಕ್ಕಾಗಿ. ಗುಡ್ಡದಿಂದ ಹಸಿ ಸೊಪ್ಪು ತಂದು ಹರಡಿದರೆ ದನ ಅದರ ಮೇಲೆ ಸಗಣಿ ಹಾಕಿ, ತುಳಿದು, ಗದ್ದೆಗೆ ಬೇಕಾದ್ದನ್ನು ಮಾಡಿ ಕೊಡುತ್ತದೆ. ಹೆಚ್ಚು ಒದ್ದೆಯಾದಷ್ಟೂ ಒಳ್ಳೆಯದು. ಅಪ್ಪ ಕುದುರೆಗೆ ಅದು ಆಗುವುದಿಲ್ಲ ಎಂದ. ಕುದುರೆಯ ಗೊರಸು ಒದ್ದೆಯಲ್ಲಿ ಕೊಳೆಯುತ್ತದೆ, ಅದರ ಕೆಳಗೆ ಒಣಗಿದ್ದು ಇರಬೇಕು, ಮೆತ್ತಗಿರಬೇಕು ಎಂದ. ಅಷ್ಟಕ್ಕೇ ನಿಲ್ಲಿಸದೆ ಅದಕ್ಕೆ ಹಾಸಿಗೆ ಎಂದುಬಿಟ್ಟ. ಅಜ್ಜಿಗೆ ಅಷ್ಟು ಸಾಕಾಯಿತು. “ಹಾಸಿಗೆ ಹಾಸೂದು ಮನುಷ್ಯರಿಗೆ. ಕೊಟ್ಟಿಗೆಗೆ ಹಾಕೂದು ಸೊಪ್ಪು,” ಎಂದಳು. ರಸ್ತೆಯಲ್ಲಿ ಹೋಗುವವರನ್ನು ಕರೆದು, “ನಾರಿಗೆ ಹಾಸಿಗೆ, ಹೆಂಡ್ತಿಗೆ ಚಾಪೆ. ನನ್ನ ಮಗನ ಸಂಸಾರ ನೋಡ್ಕಂಡು ಹೋಗಿ,” ಎನ್ನುತ್ತಿದ್ದಳು. ಟಾಂಗಾ ಹತ್ತುವವರಿಗೂ ಸುದ್ದಿ ಮುಟ್ಟಿತು. “ಎಂತದೋ, ಕುದುರೆಗೆ ತಲೆದಿಂಬೂ ಹೊಲಿಸಿದ್ಯನೋ?” ಎಂದು ಕೇಳುತ್ತಿದ್ದರು. ಅಬ್ಬೆ, ನನ್ನ ತಾಯಿ, ಮಾತ್ರ ಒಲೆಯ ಮುಂದೆ ಕೂತು ನಗುತ್ತಿದ್ದಳು. “ಅವಳು ದುಡೀತಾಳೆ ಅತ್ತೆ, ಮಲಗಲಿ ಬಿಡಿ,” ಎನ್ನುತ್ತಿದ್ದಳು. ನನ್ನ ಅಬ್ಬೆ ಮಾವಿನಕುರ್ವೆಯವಳು, ನಾಲ್ಕೂ ಕಡೆ ನೀರಿದ್ದ ಜಾಗದಲ್ಲಿ ಹುಟ್ಟಿದವಳು. ಒಣ ಜಾಗದ ಬೆಲೆ ಅವಳಿಗೆ ಗೊತ್ತಿತ್ತು.

ಅಪ್ಪ ಏನೆಲ್ಲ ಹಾಸಿ ನೋಡಿದ. ಗುಡ್ಡದ ಒಣ ಎಲೆ ತಂದ. ಅದರಲ್ಲಿ ಕೆಂಪಿರುವೆ ಬಂದವು, ನೂರಿ ಬೆಳಗಾಗುವವರೆಗೆ ಕಾಲು ಬಡಿಯಿತು. ಸಮುದ್ರದ ಹೊಯ್ಗೆ ತಂದ. ಬೇಸಗೆಯಲ್ಲಿ ಆ ಮರಳಿನಷ್ಟು ಚಂದ ಇನ್ನೊಂದಿಲ್ಲ, ಆದರೆ ಅದರ ಉಪ್ಪು ಮೋಡ ಕಂಡ ಕೂಡಲೇ ಬೆವರಲು ಶುರುಮಾಡುತ್ತದೆ, ಮಳೆಗಾಲವಿಡೀ ಒಣಗುವುದಿಲ್ಲ. ಅಕ್ಕಿ ಗಿರಣಿಯ ಹೊಟ್ಟು ಗಾಳಿಗೆ ಹಾರಿ ಕಣ್ಣಿಗೆ ಬಿತ್ತು. ಮರ ಕೊಯ್ಯುವ ಮಿಲ್ಲಿನ ಪುಡಿ ಒದ್ದೆಯಾದ ಮೇಲೆ ಅಂಬಲಿಯಂತಾಯಿತು. ತೆಂಗಿನ ನಾರಿನ ಪುಡಿ ನೀರು ಕುಡಿದು ಒಳಗೇ ಇಟ್ಟುಕೊಂಡಿತು. ಕೊನೆಗೆ ಭತ್ತದ ಹುಲ್ಲೇ ಗತಿ. ಅದರಲ್ಲೂ ಹೊಸ ಹುಲ್ಲು ಹಾಸಿದರೆ ನೂರಿ ಹಾಸಿಗೆಯನ್ನೇ ತಿಂದು ಮುಗಿಸುತ್ತಿತ್ತು. ಬೂಸ್ಟು ಹಿಡಿದದ್ದು ಹಾಕಿದರೆ ಕೆಮ್ಮು. ವರ್ಷ ಕಳೆದ, ನೀರು ಕಾಣದ ಹುಲ್ಲು ಬೇಕು. ಅಪ್ಪ ಒಂದು ಹಿಡಿ ತೆಗೆದುಕೊಂಡು ಮೊದಲು ಮೂಸುತ್ತಿದ್ದ, ಆಮೇಲೆ ಕಿವಿಯ ಹತ್ತಿರ ಮುರಿಯುತ್ತಿದ್ದ. ಟಕ್ಕೆಂದು ಮುರಿದರೆ ಒಳ್ಳೆಯದು, ಬಾಗಿದರೆ ತಂಪು ಕುಡಿದಿದೆ. ಕೊನೆಗೆ ಅದನ್ನು ನನ್ನ ಕೆನ್ನೆಗೆ ಒತ್ತಿ, “ಚುಚ್ತದ್ಯನೇ?” ಎಂದು ಕೇಳುತ್ತಿದ್ದ. ನಾನು ಇಲ್ಲ ಎಂದರೆ ಮಾತ್ರ ಹಾಸುವುದು. ಹಾಸಿದ ಮೇಲೆ ಅದರ ಮೇಲೆ ಮೊಣಕಾಲೂರಿ, ಎಲ್ಲ ಭಾರ ಬಿಟ್ಟು, ಎದ್ದು ಪಂಚೆ ನೋಡಿಕೊಳ್ಳುತ್ತಿದ್ದ. ಮೊಣಕಾಲಿನ ಜಾಗ ಒದ್ದೆಯಾಗಿದ್ದರೆ ಎಲ್ಲ ತೆಗೆದು ಮತ್ತೆ ಹಾಸಬೇಕು. ಸಂಜೆ ಸೂರ್ಯ ತೆಂಗಿನ ಸಾಲಿನ ಹಿಂದೆ ಇಳಿಯುವಾಗ ಆಗಷ್ಟೇ ಹಾಸಿದ ಹುಲ್ಲಿನ ಮೇಲೆ ನೂರಿ ಮುಂಗಾಲು ಮಡಚಿ, ದೊಡ್ಡ ಹೆಂಗಸು ಜಗಲಿಯಲ್ಲಿ ಕೂತಂತೆ ಕೂತು, ಉಸಿರು ಬಿಡುತ್ತಿತ್ತು. ಆ ಉಸಿರು ಕೇಳಿದ ಮೇಲೆಯೇ ಅಪ್ಪ ಊಟಕ್ಕೆ ಏಳುತ್ತಿದ್ದ.

ಅಬ್ಬೆ ಎರಡನೆಯ ಸಲ ಬಸುರಾದ ವರ್ಷದ ಮಳೆಗಾಲ ಮಾತ್ರ ಮುಗಿಯುವ ಲಕ್ಷಣವೇ ಕಾಣಲಿಲ್ಲ. ಮೊದಲ ಗಾಳಿಗೇ ಹುಲ್ಲಿನ ಬಣವೆಗೆ ಹೊದಿಸಿದ್ದ ತೆಂಗಿನ ಮಡಲು ಹಾರಿ ಹೋಯಿತು. ಮಡಲು ಮತ್ತೆ ಹೊದಿಸುವಷ್ಟರಲ್ಲಿ ನೀರು ನಡುವಿನವರೆಗೆ ಇಳಿದಿತ್ತು. ಕೈ ಹಾಕಿದರೆ ಒಳಗೆ ಬಿಸಿ, ಬಿಳಿಯ ಬೂಸ್ಟು. ಊರಿನಲ್ಲಿ ಎಲ್ಲರ ಹುಲ್ಲಿನದೂ ಅದೇ ಕತೆ. ಅಪ್ಪ ಹಳದೀಪುರದ ಮನೆ ಮನೆ ಕೇಳಿದ, ಹೊನ್ನಾವರದ ಪೇಟೆಯಲ್ಲಿ ಕೇಳಿದ. ಒಣ ಹುಲ್ಲು ಇದ್ದವರು ತಮ್ಮ ದನಕ್ಕೆ ಇಟ್ಟುಕೊಂಡಿದ್ದರು. ಕುದುರೆಯ ಕಾಲಡಿಗೆ ಹಾಕಲು ಯಾರು ಕೊಡುತ್ತಾರೆ? ನೂರಿ ಒದ್ದೆ ನೆಲದಲ್ಲಿ ನಿಂತೇ ಇತ್ತು. ಕುದುರೆ ನಿಂತು ನಿದ್ದೆ ಮಾಡುತ್ತದೆ ಎನ್ನುತ್ತಾರೆ. ತೂಕಡಿಸುತ್ತದೆ ಅಷ್ಟೆ. ಮಲಗದೆ ಅದಕ್ಕೆ ನಿದ್ದೆಯಿಲ್ಲ. ದಿನ ಕಳೆದಂತೆ ಅದರ ಕಾಲು ಬಾತವು. ಟಾಂಗಾಕ್ಕೆ ಕಟ್ಟಿದರೆ ಮುಗ್ಗರಿಸುತ್ತಿತ್ತು. ನಿಂತಲ್ಲೇ ಮಂಡಿ ಕುಸಿದು, ಬೆಚ್ಚಿ, ಮತ್ತೆ ನೆಟ್ಟಗಾಗುತ್ತಿತ್ತು. ಅಪ್ಪ ಅದರ ಎದುರು ನಿಂತು, “ಮಲಗೇ, ಒಂದ್ಸಲ ಮಲಗೇ,” ಎಂದು ಬೇಡಿಕೊಳ್ಳುವುದನ್ನು ನಾನು ನೋಡಿದ್ದೇನೆ. ಅದು ಬಿದ್ದರೆ ನಮ್ಮ ಒಲೆಯೂ ಆರುತ್ತದೆ ಎಂಬುದು ನನ್ನ ವಯಸ್ಸಿನವಳಿಗೂ ತಿಳಿಯುತ್ತಿತ್ತು.

ಮನೆಯಲ್ಲಿ ಒಣ ಹುಲ್ಲು ಇರಲಿಲ್ಲ ಎಂದಲ್ಲ. ಅಜ್ಜಿ ಒಲೆಯ ಮೇಲಿನ ಅಟ್ಟದಲ್ಲಿ ಬಾಣಂತಿಗೆ ಎಂದು ಕಟ್ಟು ಕಟ್ಟು ಇಟ್ಟಿದ್ದಳು. ಮಳೆಗಾಲದಲ್ಲಿ ಮಣ್ಣಿನ ನೆಲ ಬೆವರುತ್ತದೆ. ಬಾಣಂತಿಯ ಚಾಪೆಯ ಕೆಳಗೆ ಹುಲ್ಲು ದಪ್ಪಗೆ ಹಾಸಬೇಕು. ಹೊಗೆ ಕುಡಿದು ಜೇನಿನ ಬಣ್ಣಕ್ಕೆ ತಿರುಗಿದ, ಮುಟ್ಟಿದರೆ ಸದ್ದು ಮಾಡುವ ಹುಲ್ಲು. ಅಬ್ಬೆ ಅದರ ಮೇಲೆಯೇ ಹೆತ್ತಳು. ಹೆಣ್ಣು. ಹೆತ್ತು ಕೆಲವು ದಿನವಾಗಿತ್ತು. ಅಪ್ಪ ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತು ಮಗುವನ್ನು ನೋಡುತ್ತಿದ್ದ. ಮಗುವನ್ನಲ್ಲ, ಚಾಪೆಯ ಅಂಚಿನಿಂದ ಹೊರಗೆ ಚಾಚಿದ್ದ ಹುಲ್ಲನ್ನು ನೋಡುತ್ತಿದ್ದ. ಅಬ್ಬೆಗೆ ಗೊತ್ತಾಯಿತು.

“ಇದನ್ನ ತಕಂಡೋಗಿ ಹಾಸಿ,” ಎಂದಳು.

ಅಜ್ಜಿ ಅಡುಗೆಮನೆಯಿಂದ ಬಂದು, “ಎಂತ ಹೇಳ್ತೀಯೇ? ಹಸಿ ಮೈ ನಿಂದು. ನೆಲ ಮುಟ್ಟಿ ನೋಡು, ಹೆಣದಾಂಗೆ ತಣ್ಣಗಿದೆ,” ಎಂದಳು.

“ಅವಳು ಬಿದ್ರೆ ನಾವೆಲ್ಲ ಬಿದ್ದಾಂಗೇ ಅತ್ತೆ. ನಂಗೆ ಕಂಬಳಿ ಇದ್ಯಲ್ಲ.”

ಅಪ್ಪ ಒಳಗೆ ಬಂದು ಹಾಸಿಗೆಯ ಅಂಚಿನ ಹುಲ್ಲಿನ ಮೇಲೆ ಮೊಣಕಾಲೂರಿದ. ಎದ್ದು ಪಂಚೆ ನೋಡಿಕೊಂಡ. ಒಣಗಿತ್ತು. ಅದು ಒದ್ದೆಯಾಗಿರಲಿ ಎಂದು ಅವನು ಆಸೆಪಟ್ಟಿದ್ದನೇನೋ. ಅಬ್ಬೆ ಮಗುವನ್ನು ಎತ್ತಿಕೊಂಡು ಗೋಡೆಗೆ ಸರಿದಳು, ಅವನು ಹುಲ್ಲನ್ನು ತೋಳಿನ ತುಂಬ ಎತ್ತಿಕೊಂಡು ಹೋದ. ಅಟ್ಟದಲ್ಲಿ ಉಳಿದಿದ್ದೂ ಹೋಯಿತು. ಆ ದಿನ ನನ್ನ ಕೆನ್ನೆಗೆ ಒತ್ತಿ ಕೇಳಲಿಲ್ಲ. ಸಂಜೆಗೆ ನೂರಿ ಮಲಗಿತು. ಮಲಗುವಾಗ ಬಿಟ್ಟ ಉಸಿರು ಒಳಕೋಣೆಯವರೆಗೂ ಕೇಳಿಸಿತು. “ಮಲಗ್ತಾ?” ಎಂದು ಅಬ್ಬೆ ಕೇಳಿದಳು. “ಮಲಗ್ತು,” ಎಂದೆ. “ಆತು,” ಎಂದಳು.

ಅಬ್ಬೆಗೆ ಚಳಿಜ್ವರ ಬಂತು. ಮದ್ದಿನ ಕಷಾಯ, ಕೆಂಡದ ಶಾಖ, ಯಾವುದಕ್ಕೂ ಇಳಿಯಲಿಲ್ಲ. ಗುರುತು ತಪ್ಪಿ ನನ್ನನ್ನೇ ಅಬ್ಬೇ ಎಂದು ಕರೆದಾಗ ಅಪ್ಪ ಟಾಂಗಾ ಕಟ್ಟಿದ. ಕುಮಟೆಯ ಆಸ್ಪತ್ರೆಗೆ ಹೊರಟರು. ಬಸ್ಸು ಸಿಗುವ ಹೊತ್ತಲ್ಲ. ನೂರಿ ಮಲಗಿ ಸುಧಾರಿಸಿಕೊಂಡಿತ್ತು. ಮಳೆಯಲ್ಲಿ ಕಿವಿ ಹಿಂದಕ್ಕೆ ಮಾಡಿ ಓಡಿದ ಓಟವನ್ನು ನೋಡಿದವರು ಬಹಳ ಕಾಲ ಹೇಳುತ್ತಿದ್ದರು. ಆ ಹುಲ್ಲು ಸಿಗದಿದ್ದರೆ ಅದು ಮನೆಯ ಬೇಲಿಯ ದಣಪೆಯನ್ನೂ ದಾಟುತ್ತಿರಲಿಲ್ಲ. ಆ ಹುಲ್ಲು ಇದ್ದಲ್ಲೇ ಇದ್ದಿದ್ದರೆ ಅಬ್ಬೆಯನ್ನು ಒಯ್ಯುವುದೇ ಬೇಕಾಗುತ್ತಿರಲಿಲ್ಲವೋ ಏನೋ. ನೆಲದ ತಂಪಿಗೆ ಯಾರೂ ಸಾಯುವುದಿಲ್ಲ, ಅದು ಹೆರಿಗೆಯ ನಂಜು ಎಂದು ಈಗ ನರ್ಸ್ ಆಗಿರುವ ನನ್ನ ಸೊಸೆ ಹೇಳುತ್ತಾಳೆ. ಇರಬಹುದು. ಅಪ್ಪನಿಗೆ ಅದನ್ನು ಹೇಳುವವರು ಯಾರೂ ಇರಲಿಲ್ಲ. ಮಧ್ಯಾಹ್ನದ ಮೇಲೆ ಟಾಂಗಾ ನಡೆದುಕೊಂಡು ಬಂತು, ಓಡಿಕೊಂಡು ಅಲ್ಲ. ಅಪ್ಪ ಕೆಳಗಿಳಿದು ಕಡಿವಾಣ ಹಿಡಿದು ನಡೆಯುತ್ತಿದ್ದ. ಅಷ್ಟು ದೂರದಿಂದಲೇ ಅಜ್ಜಿ ಅಳಲು ಶುರುಮಾಡಿದಳು.

ಸತ್ತವರ ಹಾಸಿಗೆ ಮನೆಯಲ್ಲಿ ಇಡುವುದಿಲ್ಲ. ಸುಡಬೇಕು. ಅಬ್ಬೆಯನ್ನು ಸುಡುಗಾಡಿಗೆ ಒಯ್ದು ಬಂದ ಮೇಲೆ ಅಜ್ಜಿ ಚಾಪೆ ತಂದಳು, ಕಂಬಳಿ ತಂದಳು. ಆಮೇಲೆ ಅಪ್ಪನ ಎದುರು ನಿಂತಳು.

“ಹುಲ್ಲೂ ತೆಗೀಬೇಕು ಮಗಾ.”

“ಅದು ನೂರಿ ಹಾಸಿಗೆ,” ಎಂದ ಅಪ್ಪ.

“ಅವಳು ಹೆತ್ತದ್ದು ಅದ್ರ ಮೇಲೆ. ಮನೇಲಿ ಇಟ್ಕಳೂಕೆ ಆಗೂದಿಲ್ಲ. ಕೂಸು ಅದೆ ಮನೇಲಿ.”

ಆ ಒಂದು ಮಾತು ಬಾರದಿದ್ದರೆ ಅವನು ಕೇಳುತ್ತಿರಲಿಲ್ಲ. ಅಜ್ಜಿಯನ್ನು ಬಯ್ದು ಪ್ರಯೋಜನವಿಲ್ಲ. ಆ ಹೆಂಗಸು ತನಗೆ ಗೊತ್ತಿದ್ದ ಒಂದೇ ದಾರಿಯಲ್ಲಿ ಉಳಿದ ಕೂಸನ್ನು ಉಳಿಸಲು ನೋಡಿದಳು. ಕುಮಟೆಯ ದಾರಿ ಓಡಿ ಬಂದ ನೂರಿ ಮೈ ಚಾಚಿ ಮಲಗಿತ್ತು. ಅಪ್ಪ ಅದರ ಕಿವಿಯ ಬಳಿ ಕೂತು, “ಏಳು,” ಎಂದ. ಏಳಲಿಲ್ಲ. ಕುತ್ತಿಗೆಗೆ ಕೈ ಹಾಕಿ ಎತ್ತಿದ. ಮಲಗು ಎಂದು ಬೇಡಿಕೊಂಡವನೇ ಏಳು ಎಂದು ಬೇಡಿಕೊಂಡ. ಕೊನೆಗೆ ಅದು ಎದ್ದಿತು, ಅವನ ಮುಖ ನೋಡಲಿಲ್ಲ. ಒಂದು ಕಡ್ಡಿಯೂ ಉಳಿಯದಂತೆ ಗುಡಿಸಿ ತಂದು ಅಂಗಳದ ತುದಿಯಲ್ಲಿ ಹಾಕಿ ಬೆಂಕಿ ಕೊಟ್ಟರು. ಕುದುರೆಯ ಉಚ್ಚೆಗೆ ಒದ್ದೆಯಾದ ಹುಲ್ಲು, ಮೇಲಿಂದ ಜಿನುಗು ಮಳೆ. ಉರಿಯಲಿಲ್ಲ. ಹೊಗೆ ಮಾತ್ರ ನೆಲದ ಮೇಲೆ ಹರಿದು ಬಂದು ಮನೆಯೊಳಗೆ ತುಂಬಿತು. ಕೂಸು ಕೆಮ್ಮಿತು, ಆಚೆ ನೂರಿಯೂ ಕೆಮ್ಮಿತು.

ಆಮೇಲೆ ಅದರ ಕೆಳಗೆ ಹಾಕಲು ಅಜ್ಜಿಯೇ ಸೊಪ್ಪು ಕಡಿದು ತಂದಳು, ಅಳುತ್ತ ತಂದಳು. ಬೇರೇನೂ ಸಿಗಲಿಲ್ಲ. ನೂರಿ ಅದರ ಮೇಲೆ ಮಲಗಲಿಲ್ಲ. ನಿಂತಿತು, ನಿಂತಿತು, ಒಂದು ಬೆಳಿಗ್ಗೆ ಬರೀ ನೆಲದ ಕಡೆಗೆ ಸರಿದು ಬಿತ್ತು. ಮನುಷ್ಯರು ಏಳಲಾರದೆ ಹೋದರೆ ಹಾಸಿಗೆ ಹಿಡಿದರು ಎನ್ನುತ್ತೇವೆ. ಅದಕ್ಕೆ ಹಿಡಿಯಲು ಹಾಸಿಗೆಯೂ ಇರಲಿಲ್ಲ. ತೆಂಗಿನ ಬುಡದಲ್ಲಿ ಹೊಂಡ ತೋಡಿದರು. ಬಿಳಿಯ ಕಾಲು ಕೊನೆಗೆ ಮುಚ್ಚಿತು.

ಕೂಸನ್ನು ಅಬ್ಬೆಯ ತವರಿನವರು ದೋಣಿಯಲ್ಲಿ ಒಯ್ದರು. ನನ್ನ ತಂಗಿ ಮಾವಿನಕುರ್ವೆಯವಳಾಗಿಯೇ ಬೆಳೆದಳು. ನನ್ನ ಶಾಲೆ ಅಲ್ಲಿಗೆ ಮುಗಿಯಿತು. ಅಜ್ಜಿಯ ಜೊತೆ ಒಲೆ ಹಿಡಿದೆ. ಅಪ್ಪ ಬಂದರಿನಲ್ಲಿ ಮೂಟೆ ಹೊತ್ತ. ಮುಂದೆ ಸೇತುವೆಯೂ ಆಯಿತು. ಅವನು ಬದುಕಿದ್ದಷ್ಟು ಕಾಲ ನೆಲದ ಮೇಲೆ ಪಂಚೆ ಹಾಸಿ ಮಲಗಿದ, ನನ್ನ ಮದುವೆಗೆ ಬಂದ ಹಾಸಿಗೆಯ ಮೇಲೆ ಒಂದು ಕ್ಷಣ ಕೂರಲೂ ಇಲ್ಲ. ಯಾಕೆ ಎಂದು ಯಾರೂ ಕೇಳಲಿಲ್ಲ. ಈಗ ಆ ಮನೆಯಿಲ್ಲ, ತೆಂಗಿನ ಮರವಿಲ್ಲ. ರಸ್ತೆ ಅಗಲ ಮಾಡುವಾಗ ಎಲ್ಲ ಅದರ ಕೆಳಗೆ ಹೋಯಿತು. ಕುಮಟೆಗೆ ಹೋಗುವ ಬಸ್ಸಿನಲ್ಲಿ ಕೂತರೆ ಅಬ್ಬೆ ಹೆತ್ತ ಕೋಣೆಯನ್ನೂ ನೂರಿಯ ತಬೇಲೆಯನ್ನೂ ಕಂಡಕ್ಟರು ಚಿಲ್ಲರೆ ಕೊಡುವಷ್ಟರಲ್ಲಿ ದಾಟಿ ಆಗಿರುತ್ತದೆ.

ಮೊಮ್ಮಗ ಮಿಂದು ಬಂದು ಊಟಕ್ಕೆ ಕೂತು, “ಕುದುರೆ ನಿಂತೇ ನಿದ್ದೆ ಮಾಡ್ತದಂತೆ, ಹೌದಾ ಅಜ್ಜಿ?” ಎಂದ. “ಹಾಸಿಗೆ ಇಲ್ದಿದ್ರೆ ಎಂತ ಮಾಡೂದು, ನಿಲ್ತದೆ. ಮೀನು ತಿನ್ನು,” ಎಂದೆ. ಅವನು ತಿಂದು ಎದ್ದ ಮೇಲೆ ಚಡ್ಡಿಯನ್ನು ಕಲ್ಲಿಗೆ ಹಾಕಿ ಒಗೆದೆ. ಕೈ ನೋಯುವವರೆಗೆ ಒಗೆದೆ. ಮರುದಿನ ಮಡಚುವಾಗ ಮುಖದ ಹತ್ತಿರ ತಂದೆ, ಮೂಸಿದೆ. ತಿರುಗಿಸಿ ಇನ್ನೊಂದು ಬದಿ ಮೂಸಿದೆ. ಬರೀ ಸಾಬೂನು.