ಭಾಲ್ಕಿಯ ಆಕಾಶದಲ್ಲಿ ಪರದೆ ನಿಂತ ಮಧ್ಯಾಹ್ನ

ಕೋವಿಡ್ ಹಾವಳಿ ಮುಗಿದು ವಿಮಾನಗಳ ಓಡಾಟ ಮತ್ತೆ ಹಿಂದಿನ ಮಟ್ಟಕ್ಕೆ ಬಂದಿದ್ದ ವರ್ಷ. ನಾನಾಗ ದೊಡ್ಡ ನಗರವೊಂದರ ವಾಯು ಸಂಚಾರ ನಿಯಂತ್ರಣ ಕೇಂದ್ರದಲ್ಲಿ ಪಾಳಿಯ ಮೇಲ್ವಿಚಾರಕಿ. ಬೀದರ್, ಭಾಲ್ಕಿ, ಔರಾದಗಳ ಮೇಲಿನ ಎತ್ತರದ ಆಕಾಶ ನಮ್ಮ ಕೇಂದ್ರದ ಸುಪರ್ದಿಯಲ್ಲಿತ್ತು. ಬೀದರಿನ ಚಿದ್ರಿಯಲ್ಲಿ ಬೆಳೆದ ನನಗೆ ಅದೊಂದು ಹೆಮ್ಮೆ. ಆ ದಿನ ಆ ಭಾಗವನ್ನು ನೋಡಿಕೊಳ್ಳುತ್ತಿದ್ದ ಕಂಟ್ರೋಲರ್ ನಾಗನಾಥ ಕೂಡ ನಮ್ಮ ಜಿಲ್ಲೆಯವನೇ. ಔರಾದ ತಾಲ್ಲೂಕಿನ ಸಂತಪುರದ ಕುರಿ ಸಾಕುವ ಮನೆತನದವನು.

ಮಧ್ಯಾಹ್ನದ ಊಟ ಮುಗಿಸಿ ಬಂದು ನಾನು ಅವನ ಹಿಂದೆ ನಿಂತಿದ್ದೆ. ದಕ್ಷಿಣದಿಂದ ಬರುತ್ತಿದ್ದ ಒಂದು ವಿಮಾನ ಮೂವತ್ತಮೂರು ಸಾವಿರ ಅಡಿಯಲ್ಲಿತ್ತು. ಪಶ್ಚಿಮದಿಂದ ಕೆಳಗಿನ ಎತ್ತರದಲ್ಲಿ ಬಂದ ಇನ್ನೊಂದು, ಆ ಮಟ್ಟವನ್ನೂ ದಾಟಿ ಮೇಲೇರಲು ಅನುಮತಿ ಕೇಳಿತು. ರೇಡಾರ್ ಪರದೆಯಲ್ಲಿ ಎರಡರ ನಡುವೆ ಬೇಕಾದಷ್ಟು ದೂರವಿತ್ತು. ನಾಗನಾಥ ಅನುಮತಿ ಕೊಟ್ಟ. ಅಷ್ಟರಲ್ಲಿ ಮೊದಲ ವಿಮಾನದ ಪೈಲಟ್ ರೇಡಿಯೋದಲ್ಲಿ ತಾನು ಬೀದರ್ ದಾಟಿದ್ದಾಗಿ ತಿಳಿಸಿದ. ಪರದೆಯಲ್ಲಿ ಮಾತ್ರ ಆ ವಿಮಾನ ಬೀದರಿಗೆ ಇನ್ನೂ ಬಹಳ ದೂರದಲ್ಲಿತ್ತು.

"ಮೇಡಂ, ಪರದಿ ನಿಂತದರಿ!"

ನಾನು ಬಾಯಿ ತೆರೆಯುವ ಮೊದಲೇ ಅವನು ಮೇಲೇರುತ್ತಿದ್ದ ವಿಮಾನಕ್ಕೆ ಮೂವತ್ತೊಂದು ಸಾವಿರ ಅಡಿಯಲ್ಲೇ ನಿಲ್ಲುವಂತೆ ಸೂಚಿಸಿದ್ದ.

ಪರದೆ ಪೂರ್ತಿ ಕಪ್ಪಾದರೆ ಕೆಟ್ಟಿದೆಯೆಂದು ಯಾರಿಗಾದರೂ ಗೊತ್ತಾಗುತ್ತದೆ. ಹಳೆಯ ಚಿತ್ರವನ್ನೇ ಹಿಡಿದು ನಿಂತ ಪರದೆ ಅದಕ್ಕಿಂತ ಅಪಾಯಕಾರಿ. ಆಗ ನಮಗುಳಿಯುವುದು ರೇಡಿಯೋ, ಕಾಗದ ಮತ್ತು ಲೆಕ್ಕಾಚಾರ. ಪ್ರತಿ ಪೈಲಟ್ ತಾನೆಲ್ಲಿದ್ದೇನೆ, ಎಷ್ಟು ಎತ್ತರದಲ್ಲಿದ್ದೇನೆ ಎಂದು ಹೇಳಬೇಕು. ಅದನ್ನು ಬರೆದುಕೊಂಡು ಕಂಟ್ರೋಲರ್ ಆಕಾಶವನ್ನು ತಲೆಯಲ್ಲೇ ಕಟ್ಟಿಕೊಳ್ಳಬೇಕು. ನಾನು ಅಕ್ಕಪಕ್ಕದ ಕೇಂದ್ರಗಳಿಗೆ ಫೋನ್ ಮಾಡಿ ಹೊಸ ವಿಮಾನಗಳನ್ನು ತಡೆದೆ. ನಾಗನಾಥನ ದನಿ ಒಮ್ಮೆಯೂ ನಡುಗಲಿಲ್ಲ. ಆ ಎರಡು ವಿಮಾನಗಳು ಭಾಲ್ಕಿಯ ಹತ್ತಿರ ಎರಡು ಸಾವಿರ ಅಡಿ ಅಂತರದಲ್ಲಿ ಒಂದನ್ನೊಂದು ದಾಟಿದವು. ಒಳಗಿದ್ದ ಪ್ರಯಾಣಿಕರಿಗೆ ಏನೂ ತಿಳಿಯಲಿಲ್ಲ.

ಪರದೆ ಸರಿಹೋದ ಕೂಡಲೇ ಅವನನ್ನು ಕುರ್ಚಿಯಿಂದ ಎಬ್ಬಿಸಿದೆ. ಎಂಜಿನಿಯರುಗಳು ಉಪಕರಣವನ್ನು ಮುತ್ತಿಕೊಂಡರು. ನಾಗನಾಥ ಒಂದು ಮೂಲೆಯಲ್ಲಿ ನಿಂತು ನೀರು ಕುಡಿಯುತ್ತಿದ್ದ. ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿತ್ತು. ಮರುದಿನ ರಜೆ ಹಾಕಿ ಊರಿಗೆ ಹೋದವನು ರಜೆ ಮುಗಿದರೂ ಬರಲಿಲ್ಲ. ನಾನೇ ಬೀದರಿಗೆ ಬಂದು ಸಂತಪುರದ ಬಸ್ಸು ಹತ್ತಿದೆ.

ಅವನ ತಾಯಿ ಶಾಂತಾಬಾಯಿ ಬಾಗಿಲಲ್ಲೇ ಹೇಳಿದರು: "ಇಮಾನದ ಸಪ್ಪಳಾದ್ರ ಸಾಕ್ರಿ, ಉಣ್ಣೋ ತಾಟು ಬಿಟ್ಟು ಹೊರಗ ಓಡ್ತಾನ. ನೀವರೇ ಹೇಳ್ರಿ ಅವಗ."

ನಾಗನಾಥ ಹೊಲದ ಬದುವಿನ ಮೇಲೆ ಕುಳಿತಿದ್ದ. "ಪರದಿ ಚಲೋ ಆಗ್ಯಾದ ಅಂತಾರರಿ ಮೇಡಂ. ಆದ್ರ ಅದರ ಮ್ಯಾಲ ನನಗ ನಂಬಿಕಿನೇ ಹೋಗ್ಯಾದ. ಈ ಕೆಲಸ ಬಿಡ್ತೇನಿ."

"ಪೂರಾ ನಂಬು ಅಂತ ನಿನಗ ಯಾರು ಹೇಳ್ಯಾರ? ಆ ದಿನ ನೀ ಪೈಲಟ್‌ನ ಮಾತು ಕೇಳಿದಿ, ಅದಕ್ಕ ಎಲ್ಲರೂ ಮನಿ ಮುಟ್ಯಾರ. ಅಂಜಿಕಿ ಅದ ಅಂತ ಕೆಲಸ ಬಿಡಬ್ಯಾಡ. ನನ್ನ ಬಾಜೂಕ ಬಂದು ಕೂಡು."

ಅವನು ಎದ್ದು ನಿಂತು ಬಟ್ಟೆಯ ಮಣ್ಣು ಕೊಡವಿಕೊಂಡ. ಆಮೇಲೆ ಕೇಳಿದ: "ನಿಮಗೂ ಅಂಜಿಕಿ ಆಗಿತ್ತೇನ್ರಿ?"

"ಆಗಿತ್ತಪ. ಮನಿಗೆ ಹೋಗಿ ಅತ್ತೇನಿ."

ಮುಂದಿನ ವಾರ ಬಂದ. ತರಬೇತಿ ಕೋಣೆಯ ಸಿಮ್ಯುಲೇಟರಿನಲ್ಲಿ ನಾನು ಬೇಕೆಂದೇ ಪರದೆಯನ್ನು ಮತ್ತೆ ಮತ್ತೆ ಕೆಡಿಸಿದೆ. ಅವನು ಮತ್ತೆ ಮತ್ತೆ ವಿಮಾನಗಳನ್ನು ಸುರಕ್ಷಿತವಾಗಿ ದಾಟಿಸಿದ. ಕೊನೆಗೆ ಒಬ್ಬನೇ ಕುರ್ಚಿಗೆ ಮರಳಿದ. ಆ ಮಧ್ಯಾಹ್ನದ ಘಟನೆಯ ಬಗ್ಗೆ ನಡೆದ ವಿಚಾರಣಾ ಸಭೆಯಲ್ಲಿ ಉಪಕರಣದ ಚರ್ಚೆ ಮುಗಿಸಿ ಏಳಲು ಹೊರಟವರನ್ನು ನಾನು ತಡೆದೆ: "ಯಂತ್ರವನ್ನು ಎಲ್ಲರೂ ಪರೀಕ್ಷಿಸಿದಿರಿ. ಅದರ ಮುಂದೆ ಕುಳಿತಿದ್ದವನನ್ನು ಯಾರು ಮಾತನಾಡಿಸಿದಿರಿ?" ಅಂಥ ಘಟನೆಯಾದ ಕೂಡಲೇ ಕಂಟ್ರೋಲರ್ ಅವರನ್ನು ಪಾಳಿಯಿಂದ ಬಿಡುಗಡೆ ಮಾಡಿ, ಅನುಭವಿ ಸಹೋದ್ಯೋಗಿಯೊಬ್ಬರು ಅವರೊಡನೆ ಕೂರುವ ಪದ್ಧತಿ ನಮ್ಮ ಕೇಂದ್ರದಲ್ಲಿ ಅಂದಿನಿಂದ ಬಂತು. ಈಗ ಹಾಗೆ ಕೂರುವವನು ನಾಗನಾಥನೇ.

ಯಂತ್ರಗಳು ಕೆಡುತ್ತವೆ, ರಿಪೇರಿಯಾಗುತ್ತವೆ. ಅವು ಕೆಟ್ಟ ಹೊತ್ತಿನಲ್ಲಿ ಆಕಾಶವನ್ನು ಹೊತ್ತವರಿಗೆ, ಆ ಭಾರವನ್ನು ಇಳಿಸಿಡಲು ಒಂದು ಜಾಗ ಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಇದನ್ನೇ.