ದೇವವ್ವ ಮತ್ತು ಕೆಂಪು ಹಿಡಿಕೆ

ನನ್ನ ಗೆಳತಿಯ ಮಗಳು ಶ್ರದ್ಧಾ ಹಾವೇರಿಯ ಕಾಲೇಜಿನಲ್ಲಿ ಓದುತ್ತಾಳೆ. ಮೊನ್ನೆ ಮೊಬೈಲಿಗೆ ಒಂದು ಪಟ್ಟಿ ಕಳಿಸಿದಳು. ಭಾನುವಾರ ಮಧ್ಯಾಹ್ನ ಕನ್ನಡಕ್ಕೆ ಡಬ್ ಆಗಿ ಬರುವ ಬಾಹ್ಯಾಕಾಶದ ಧಾರಾವಾಹಿಗೆ ಅವಳದೂ ಅವಳ ಗೆಳೆಯರದೂ ಒಂದು ಅಭಿಮಾನಿಗಳ ಗುಂಪಿದೆ. ಎಲ್ಲಕ್ಕಿಂತ ಹೆಚ್ಚು ಹೆದರಿಸಿದ ಕಂತು ಯಾವುದು ಅಂತ ಮತ ಹಾಕಿಸಿದ್ದರಂತೆ. ಕೊಳವೆಯೊಳಗಿಂದ ತೆವಳಿ ಬಂದು ಮಿದುಳು ಹೀರುವ ಜಂತುವಿಗೆ ಮೊದಲ ಸ್ಥಾನ. ನಮ್ಮ ನೆರೆಯ ದೇವವ್ವ ಹೆದರಿದ್ದ ಕಂತಿಗೆ ಒಂದೇ ಒಂದು ಮತ ಇಲ್ಲ. ಅದರಲ್ಲಿ ರಾಕ್ಷಸನೇ ಇಲ್ಲವಲ್ಲ ಆಂಟಿ ಅಂತ ಕೆಳಗೆ ನಗುವ ಮುಖ ಬೇರೆ ಹಾಕಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು. ಹೊಟ್ಟೆ ತುಂಬಿದವರು ಹೆದರಿಕೆಯ ಪಟ್ಟಿ ಮಾಡಿದರೆ ಹೀಗೇ ಆಗುವುದು. ನಾನೂ ಹೊಟ್ಟೆ ತುಂಬಿದವಳೇ ಅನ್ನುವುದು ಆಮೇಲೆ ನೆನಪಾಯಿತು.

ದೇವವ್ವ ಬ್ಯಾಡಗಿಯಲ್ಲಿ ನಮ್ಮ ಹಿಂದಿನ ಸಾಲಿನ ಮನೆಯವಳು. ತವರು ಕದರಮಂಡಲಗಿ. ಮೂವತ್ತೆರಡು ವರ್ಷದಿಂದ ಮೆಣಸಿನಕಾಯಿಯ ತೊಟ್ಟು ಮುರಿಯುವುದೇ ಆಕೆಯ ಕೆಲಸ. ಸೆರಗಿನಿಂದ ಮೂಗು ಮುಚ್ಚಿ ಶೆಡ್ಡಿನಲ್ಲಿ ಕೂತರೆ ಹೆಬ್ಬೆರಳಿನ ಕೆಳಗೆ ತೊಟ್ಟುಗಳು ಪಟಪಟ ಬೀಳುತ್ತವೆ. ಸಂಜೆಗೆ ಉರಿಯುವ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗುತ್ತಾಳೆ. ಒಮ್ಮೆ ಶೆಡ್ಡಿನಲ್ಲಿ ಕೆಲಸ ಮಾಡಿಸುವ ಮುಕಾದಮ ಹೆಂಗಸರಿಗೆ ಕುಡಿಯಲು ನೀರಿಡಲಿಲ್ಲ ಅಂತ ಅವನು ಕೂರುವ ಕುರ್ಚಿಯನ್ನೇ ಎತ್ತಿ ಬಿಸಿಲಿಗೆ ಇಟ್ಟು ಬಂದವಳು. ಅಂಥವಳು ಭಾನುವಾರ ನಮ್ಮ ಮನೆಗೆ ಬಂದು, ಚಹಾದ ಲೋಟ ಹಿಡಿದು, ಕಣ್ಣು ಮಿಟುಕಿಸದೆ ಆ ಧಾರಾವಾಹಿ ನೋಡುತ್ತಿದ್ದಳು. ಜಂತು ಬಂದರೆ ನಗುವಳು. ನಮ್ಮ ಹೊಲದಾಗಿನ ಹುಳಾನೂ ಹಿಂಗ ಇರ್ತಾವ ಅನ್ನುವಳು.

ಆಕೆಯನ್ನು ಹೆದರಿಸಿದ ಕಂತಿನಲ್ಲಿ ಇದ್ದದ್ದು ಇಷ್ಟೇ. ಆಕಾಶನೌಕೆಯ ಹೊರಗೆ ಏನೋ ಕೆಟ್ಟಿರುತ್ತದೆ. ಒಬ್ಬ ಹೆಂಗಸು ಹೋಗಿ ದುರಸ್ತಿ ಮಾಡುತ್ತಾಳೆ, ಕೈ ಸುಟ್ಟುಕೊಳ್ಳುತ್ತಾಳೆ. ತಿರುಗಿ ಬಂದು ಬಾಗಿಲಿಗೆ ಅಂಗೈ ಒತ್ತಿದರೆ ಬಾಗಿಲು ಸಕ್ಕರೆಯಂಥ ದನಿಯಲ್ಲಿ, ನೀವು ಈ ನೌಕೆಯವರಲ್ಲ, ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ ಅನ್ನುತ್ತದೆ. ಗಾಜಿನ ಆಚೆ ಹನ್ನೆರಡು ವರ್ಷ ಜೊತೆಗೆ ಉಂಡ ಗೆಳತಿ ನಿಂತಿದ್ದಾಳೆ. ನೀನೇ ಅಂತ ನನಗೆ ಗೊತ್ತು, ಬಾಗಿಲು ಒಪ್ಪುತ್ತಿಲ್ಲ ಅನ್ನುತ್ತಾಳೆ. ಹೊರಗಿನವಳ ಉಸಿರು ಮುಗಿಯುತ್ತ ಬರುತ್ತದೆ. ಗೆಳತಿ ಅಳುತ್ತ ನಿಂತೇ ಇರುತ್ತಾಳೆ. ಅಲ್ಲಿಗೆ ಮುಗಿಯಿತು.

ದೇವವ್ವನ ಚಹಾ ಲೋಟದಲ್ಲೇ ಆರಿತ್ತು. ಟಿವಿ ಬಂದ್ ಮಾಡಿರಿ ಅಂದಳು. ಆಮೇಲೆ ಕೇಳಿದಳು.

"ಅಕ್ಕಾರ, ಒಳಗ ನಿಂತಾಕಿ ಬಾಜೂಕ ಗ್ವಾಡಿಗೆ ಒಂದು ಕೆಂಪ ಹಿಡಿಕಿ ಇತ್ತಲ್ರಿ. ಅದನ್ನ ಜಗ್ಗಿ ಬಾಗಲಾ ಯಾಕ ತಗೀಲಿಲ್ಲ ಆಕಿ?"

ನಾನು ಹಿಡಿಕೆಯನ್ನು ಗಮನಿಸಿಯೇ ಇರಲಿಲ್ಲ. ಅದು ಕತೆ, ಅಷ್ಟ್ಯಾಕೆ ತಲೆಗೆ ಹಚ್ಚಿಕೊಳ್ಳುತ್ತೀ ಅಂತ ನಕ್ಕೆ. ಆಕೆಯ ಮಾತನ್ನು ತಮಾಷೆಗೆ ಅಂತ ಶ್ರದ್ಧಾಳಿಗೂ ಬರೆದು ಕಳಿಸಿದೆ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ.

ನನ್ನ ಗಂಡ ಪ್ರಭುಲಿಂಗಪ್ಪ ರೇಷನ್ ಅಂಗಡಿ ನಡೆಸುತ್ತಾರೆ. ತೂಕ ಅವರದು, ಹೆಬ್ಬೆಟ್ಟಿನ ಮಷಿನ್ ನನ್ನದು. ಆ ಕಂತು ಬಂದ ತಿಂಗಳೇ ದೇವವ್ವನ ಹೆಬ್ಬೆಟ್ಟನ್ನು ಮಷಿನ್ ಹಿಡಿಯಲಿಲ್ಲ. ತೊಟ್ಟು ಮುರಿದು ಮುರಿದು ಬೆರಳ ತುದಿ ನುಣ್ಣಗಾಗಿಬಿಟ್ಟಿದೆ, ಗೆರೆ ಅನ್ನುವುದೇ ಇಲ್ಲ. ಸಾಬೂನು ಹಚ್ಚಿ ತೊಳೆಸಿದೆ, ತಲೆಗೂದಲಿಗೆ ತಿಕ್ಕಿಸಿದೆ, ಹತ್ತೂ ಬೆರಳು ಇಡಿಸಿದೆ. ಫೋನಿಗೆ ಅಂಕಿ ಬರುವ ದಾರಿಯೊಂದಿತ್ತು. ಕಾರ್ಡಿಗೆ ಕೊಟ್ಟಿದ್ದ ನಂಬರು ತೀರಿಹೋದ ಗಂಡನದು, ಅದು ಬಂದ್ ಆಗಿ ವರ್ಷಗಳಾಗಿವೆ. ಎರಡನೇ ತಿಂಗಳೂ ಅದೇ ಕತೆ. ಆಕೆ ಕೂಲಿ ಬಿಟ್ಟು ಹಾವೇರಿಗೆ ಬಸ್ಸಿನಲ್ಲಿ ಹೋಗಿ, ಆಧಾರ್ ಕಚೇರಿಯಲ್ಲಿ ಹೊಸದಾಗಿ ಬೆರಳು ಕೊಟ್ಟು ಬಂದಳು. ಅಲ್ಲಿಯ ಮಷಿನ್ನೂ ಒಪ್ಪಲಿಲ್ಲ. ಇನ್ನೊಂದು ತಿಂಗಳು ತಪ್ಪಿದರೆ ಕಾರ್ಡೇ ರದ್ದು ಅಂತ ಓಣಿಯಲ್ಲೆಲ್ಲ ಸುದ್ದಿ.

ಮೂರನೇ ತಿಂಗಳು ಖಾಲಿ ಚೀಲ ಹಿಡಿದು ಪಾಳಿಯಲ್ಲಿ ನಿಂತಳು. ಹಿಂದೆ ಇಪ್ಪತ್ತು ಮಂದಿ. ಮಷಿನ್ ಮತ್ತೊಮ್ಮೆ ಪ್ರಯತ್ನಿಸಿ ಅಂತು, ಇನ್ನೊಮ್ಮೆ ಅಂತು. ನನಗೆ ತಲೆ ಕೆಟ್ಟಿತು.

"ನೀನ ಅಂತ ನನಗ ಗೊತ್ತಿಲ್ಲೇನ ದೇವವ್ವ? ಮಷಿನ್ ಒಪ್ಪವಲ್ದು, ನಾ ಏನ ಮಾಡ್ಲಿ?"

ಆಕೆ ನನ್ನ ಮುಖವನ್ನೇ ನೋಡಿದಳು. ಗಾಜಿನ ಆಚೆ ನಿಂತಾಕಿನೂ ಹಿಂಗ ಅಂದಿದ್ಲಲ್ರಿ ಅಂತ ಮೆಲ್ಲಗೆ ಅಂದು, ಚೀಲ ಮಡಚಿಕೊಂಡು ಹೋದಳು. ಸುಳ್ಳೇಕೆ, ನನಗೆ ಮೊದಲು ಸಿಟ್ಟು ಬಂದದ್ದು ಆಕೆಯ ಮೇಲೆಯೇ. ಇಷ್ಟೆಲ್ಲ ಮಾಡಿದರೂ ನನಗೇ ಅನ್ನುತ್ತಾಳಲ್ಲ ಅಂತ. ಸಂಜೆ ಸಿಟ್ಟು ಇಳಿದು, ನಮ್ಮ ಮನೆಯ ಅಕ್ಕಿ ಐದು ಸೇರು ಕಟ್ಟಿಕೊಂಡು ಆಕೆಯ ಬಾಗಿಲಿಗೆ ಹೋದೆ. ಆಕೆ ಮುಟ್ಟಲಿಲ್ಲ.

"ನಾ ಭಿಕ್ಷಾ ಬೇಡಾಕ ಬಂದಿದ್ದಿಲ್ರಿ ಅಕ್ಕಾರ. ನನ್ನ ಹೆಸರಿನ ಅಕ್ಕಿ ಕೊಡ್ರಿ."

ಮನೆಗೆ ಬಂದು ಗಂಡನ ಮುಂದೆ ಗೋಳು ಹೇಳಿಕೊಂಡೆ. ಅವರು ಊಟ ಮಾಡುತ್ತಲೇ, ಅಂಥವರಿಗೆ ಅಂತ ಒಂದು ಕೈಬರಹದ ಬುಕ್ಕು ಇದೆ, ಹೆಬ್ಬೆಟ್ಟು ಬೀಳದವರನ್ನು ಅದರಲ್ಲಿ ಬರೆದು ಕೊಡಬಹುದು ಅಂದರು. ಎಲ್ಲಿದೆ ಅಂದೆ. ಅಂಗಡಿಯ ಕಪಾಟಿನಲ್ಲಿ ಅಂದರು. ಸಾರಿನ ಸೌಟನ್ನು ಪಾತ್ರೆಗೇ ಬಿಟ್ಟೆ.

"ಅಂದ್ರ ನಿಮಗ ಗೊತ್ತಿತ್ತೇನ್ರಿ?"

"ಅದನ್ನ ತಗದ್ರ ಮ್ಯಾಲಿನವ್ರು ಬಂದು ನೂರಾಎಂಟು ಕೇಳ್ತಾರ. ಒಬ್ಬಾಕಿ ಸಲುವಾಗಿ ಯಾಕ ಬೇಕ ಆ ಉಸಾಬರಿ?"

ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಆ ಪೂಜಾರಿಗೆ ನಾನು ಇಪ್ಪತ್ತಾರು ವರ್ಷದಿಂದ ರೊಟ್ಟಿ ಬಡಿದು ಹಾಕುತ್ತಿದ್ದೇನೆ. ಅವತ್ತು ನಾನು ಅಂದದ್ದನ್ನು ಇಲ್ಲಿ ಬರೆಯಲಾಗದು. ಹಾಗಂತ ಎಲ್ಲವನ್ನೂ ಅವರ ತಲೆಗೆ ಕಟ್ಟುವುದೂ ಸುಳ್ಳಾದೀತು. ಆ ಕಪಾಟು ನನ್ನ ಕುರ್ಚಿಯ ಬಾಜುವಿಗೇ ಇದೆ. ಬೇರೆ ದಾರಿ ಇದೆಯೇ ಅಂತ ಮೂರು ತಿಂಗಳಲ್ಲಿ ಒಮ್ಮೆಯೂ ನಾನು ಬಾಯಿ ಬಿಟ್ಟು ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ದೇವವ್ವನನ್ನು ಕರೆಸಿ, ಧೂಳು ಒರೆಸಿ ಬುಕ್ಕು ತೆಗೆದೆ. ಮೊದಲ ಪುಟವೂ ಖಾಲಿಯೇ ಇತ್ತು. ಆಕೆಯ ಹೆಸರು ಬರೆದೆ. ಮಸಿ ಹಚ್ಚಿ ಬೆರಳು ಒತ್ತಿಸಿದೆ. ಗೆರೆಯೇ ಇಲ್ಲದ ಒಂದು ನೀಲಿ ಬೊಟ್ಟು ಬಿತ್ತು. ಅದರ ಕೆಳಗೆ, ಇವರು ದೇವವ್ವ, ನಾನು ಬಲ್ಲೆ ಅಂತ ಬರೆದು ನಿರ್ಮಲಾ ಅಂತ ಸಹಿ ಮಾಡಿದೆ. ಎಲ್ಲ ಸೇರಿ ಐದು ನಿಮಿಷ ಹಿಡಿಯಿತು. ಗಂಡ ಅಕ್ಕಿ ತೂಗಿದರು.

ಆಕೆ ಚೀಲವನ್ನು ತಲೆಯ ಮೇಲೆ ಇಟ್ಟುಕೊಂಡಳು. ಕಪಾಟನ್ನು ನೋಡಿದಳು, ನನ್ನ ಕುರ್ಚಿಯನ್ನು ನೋಡಿದಳು.

"ಮೂರ ತಿಂಗಳದಿಂದ ಈ ಬುಕ್ಕ ಇಲ್ಲೇ ಇತ್ತೇನ್ರಿ ಅಕ್ಕಾರ?"

ಆ ಭಾನುವಾರ ಎರಡು ಲೋಟ ಚಹಾ ಮಾಡಿ, ಟಿವಿ ಹಚ್ಚಿ ಕಾದೆ. ದೇವವ್ವ ಬರಲಿಲ್ಲ. ಇವತ್ತಿಗೂ ಬಂದಿಲ್ಲ.